ಕೆಂಗಣ್ಣನ್ನು ಕಿಟಕಿಯ ಕಡೆ ತಿರುಗಿಸಿದವರು

ಮೂಡಿಗೆರೆ, ಕಳಸದ ಕಾಫಿ ತೋಟಗಳಲ್ಲಿ ಮೂರು ದಶಕಗಳಿಂದ ಕಣ್ಣು ಕೆಂಪಾದವರೆಲ್ಲ ಮೊದಲು ನೆನೆಯುವ ಹೆಸರು ನೇತ್ರಾಧಿಕಾರಿ ಪ್ರೇಮಕುಮಾರಿಯವರದು. ಸೇವೆಗೆ ಸೇರಿದ ದಿನದಿಂದ ನಿವೃತ್ತಿಯವರೆಗೆ ಅವರು ಕುರ್ಚಿಯಲ್ಲಿ ಹತ್ತು ನಿಮಿಷ ನೆಟ್ಟಗೆ ಕುಳಿತದ್ದನ್ನು ಸಹೋದ್ಯೋಗಿಗಳಾದ ನಾವಾರೂ ಕಂಡಿಲ್ಲ. ಕಂಡೆವೆಂದು ಯಾರಾದರೂ ಈ ಅಭಿನಂದನ ಸಂಪುಟದಲ್ಲಿ ಬರೆದಿದ್ದರೆ ಅದು ಬರೀ ಸೌಜನ್ಯ.

ಆರಂಭದ ವರ್ಷಗಳಲ್ಲಿ ಅವರು ಅಕ್ಷರಗಳ ಪಟವನ್ನು ಸುತ್ತಿ ಕಂಕುಳಲ್ಲಿಟ್ಟುಕೊಂಡು ದೇವರಮನೆ ಬೆಟ್ಟದ ಕಡೆಯ ಶಾಲೆಗಳಿಗೆ ನಡೆದೇ ಹೋಗುತ್ತಿದ್ದರು. ಬೋರ್ಡು ಕಾಣದೆ ದಡ್ಡಿ ಎನಿಸಿಕೊಂಡಿದ್ದ ಧನ್ಯಾಳಿಗೆ ಕನ್ನಡಕ ಕೊಡಿಸಿ, ಅವಳ ಮೇಷ್ಟರಿಗೆ ಚೆನ್ನಾಗಿ ಬೈದು ಬಂದದ್ದನ್ನು, ಈಗ ಸ್ವತಃ ಟೀಚರಾಗಿರುವ ಧನ್ಯಾ ನಗುತ್ತ ಹೇಳುತ್ತಾರೆ.

ಆದರೆ ಪ್ರೇಮಕುಮಾರಿಯವರನ್ನು ಕೇಳಿದರೆ ಅವರಿಗೆ ನೆನಪಾಗುವುದು ಇದಲ್ಲ, ಮದ್ರಾಸ್ ಐ ಊರಿಗೆ ಊರನ್ನೇ ಹಿಡಿದಿದ್ದ ವರ್ಷದ ಒಂದು ಮಧ್ಯಾಹ್ನ. ಕೆಂಗಣ್ಣಿನವರನ್ನು ನೋಡಿದರೇ ಅಂಟುತ್ತದೆಂಬ ನಂಬಿಕೆ ನಮ್ಮ ಕಡೆ ಗಟ್ಟಿ. ಹಾಗಾಗಿ ಆಸ್ಪತ್ರೆಯ ಜಗಲಿಯಲ್ಲಿ ಐವತ್ತು ಮಂದಿ, ಇನ್ನೊಬ್ಬರಿಗೆ ತೊಂದರೆಯಾಗಬಾರದೆಂಬ ಮರ್ಯಾದೆಯಿಂದ, ಗೋಡೆಗೆ ಮುಖ ಮಾಡಿ ಕುಳಿತಿದ್ದರು. ನೋಟದಿಂದಲ್ಲ, ಕಣ್ಣುಜ್ಜಿದ ಕೈಯಿಂದ, ಹಂಚಿಕೊಂಡ ಟವೆಲ್ಲಿನಿಂದ ಹರಡುತ್ತದೆಂದು ಹೇಳಿ ಹೇಳಿ ಪ್ರೇಮಕುಮಾರಿಯವರ ಗಂಟಲು ಕಟ್ಟಿತ್ತು. ನಲವತ್ತು ಮಂದಿಯನ್ನು ನೋಡಿದರು. ಎಲ್ಲರದೂ ಒಂದೇ ಕಥೆ: ಬೆಳಿಗ್ಗೆ ರೆಪ್ಪೆ ಅಂಟಿಸುವ ಗೀಜು, ಮರಳು ಬಿದ್ದಂಥ ಕಿರಿಕಿರಿ, ಒರೆಸಿಕೊಂಡರೆ ನೋಟ ಸ್ಪಷ್ಟ. ಉಳಿದ ಹತ್ತು ಮಂದಿಗೆ ಬೆನ್ನ ಹಿಂದಿನಿಂದಲೇ ಡ್ರಾಪ್ಸ್ ಕೊಟ್ಟು, ಕಳಸದ ಶಿಬಿರಕ್ಕೆಂದು ಬಸ್ಸು ಹತ್ತಿದರು.

ಸೀಟಿನಲ್ಲಿ ಕೂರಲಾಗಲಿಲ್ಲ. ಆ ಹತ್ತು ಮಂದಿಯಲ್ಲಿ ಒಬ್ಬರಾದ, ಜಾವಳಿ ಕಡೆಯ ತೋಟದ ಆಳು ಶಿವಗಂಗಮ್ಮ ಗೋಡೆಗೆ ತಿರುಗಿದ್ದಷ್ಟೇ ಅಲ್ಲ, ಒಂದೇ ಕಣ್ಣಿಗೆ ಸೆರಗು ಒತ್ತಿ ಹಿಡಿದಿದ್ದರು. ಸೆರಗು ಒದ್ದೆಯಾಗಿತ್ತು, ಗೀಜಿರಲಿಲ್ಲ. ಅದು ಮರ್ಯಾದೆಯೋ, ಬೆಳಕು ತಡೆಯಲಾಗದ ಸಂಕಟವೋ? ಮುಂದಿನ ತಿರುವಿನಲ್ಲೇ ಬಸ್ಸು ನಿಲ್ಲಿಸಿ ಇಳಿದು, ಸಿಕ್ಕ ಜೀಪಿನಲ್ಲಿ ತೋಟದ ಕೂಲಿ ಲೈನಿನ ಸಾಲುಮನೆಗೆ ಹೋದರು. ಶಿವಗಂಗಮ್ಮ ಬಾಗಿಲು ಮುಚ್ಚಿಕೊಂಡು ಕತ್ತಲಲ್ಲಿ ಕುಳಿತಿದ್ದರು.

"ಬೆಳ್ಕು ಕಂಡ್ರೆ ಕಣ್ಣೊಳ್ಗೆ ಚುಚ್ಚತ್ತೆ ಮೇಡಂ. ನಾಲ್ಕು ದಿನದ ಹಿಂದೆ ಚಿಗುರು ತೆಗಿಯೋವಾಗ ಕಾಫಿ ಗಿಡದ ಕಡ್ಡಿ ಹೊಡೀತು."

"ಆಸ್ಪತ್ರೇಲಿ ಯಾಕಮ್ಮ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ವಲ್ಲ. ಎಲ್ರ ಜೊತೆ ನಾನೂ ಗೋಡೆ ಕಡೆ ತಿರುಗಿದ್ದೆ."

ಟಾರ್ಚು ಹಿಡಿದರೆ ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ. ಒಳ್ಳೆಯ ಕಣ್ಣು ಮುಚ್ಚಿಸಿ ಬೆರಳು ತೋರಿಸಿದರೆ, ಎಷ್ಟೆಂದು ಹೇಳಲಾಗಲಿಲ್ಲ. ಪ್ರೇಮಕುಮಾರಿಯವರು ಕೂಡಲೇ ತೋಟದ ಜೀಪು ಕೇಳಿದರು. ತೋಟದ ಲೆಕ್ಕ ಬರೆಯುವ ರೈಟರ್ ರಾಜೇಶ್, ಮದ್ರಾಸ್ ಐಗೆಲ್ಲ ಜೀಪು ಕಳಿಸಿದರೆ ಯಜಮಾನರು ಏನಂತಾರೋ ಎಂದು ರಾಗ ಎಳೆದರು.

"ಇದು ಮದ್ರಾಸ್ ಐ ಅಲ್ಲ ಮಾರಾಯ, ಹುಣ್ಣು. ಇವತ್ತು ಬಿಟ್ರೆ ಕಣ್ಣೇ ಹೋಗತ್ತೆ. ಜೀಪು ತೆಗಿ!"

ಇನ್ನೆರಡು ದಿನ ತಡವಾಗಿದ್ದರೆ ಕಣ್ಣು ಉಳಿಯುತ್ತಿರಲಿಲ್ಲವೆಂದು ಚಿಕ್ಕಮಗಳೂರಿನ ವೈದ್ಯರು ಹೇಳಿದರು. ಒಂದೂವರೆ ತಿಂಗಳ ಚಿಕಿತ್ಸೆಯ ನಂತರ ನೋಟ ಮರಳಿತು. ಸಣ್ಣದೊಂದು ಮಚ್ಚೆ ಉಳಿಯಿತು. ಅಂದಿನಿಂದ ಯಾರೇ ಬರಲಿ, ಕಿಟಕಿಗೆ ಮುಖ ಮಾಡಿ ಕೂತು, ಒಂದೊಂದೇ ಕಣ್ಣು ಮುಚ್ಚಿ ಗೋಡೆಯ ಕ್ಯಾಲೆಂಡರ್ ಓದದ ಹೊರತು ಅವರು ಡ್ರಾಪ್ಸ್ ಮುಟ್ಟಿಸಲಿಲ್ಲ. ಸಾಲು ಎಷ್ಟೇ ಉದ್ದವಾಗಲಿ, ನಾವು ಎಷ್ಟೇ ಗೊಣಗಲಿ.

ಕಳೆದ ತಿಂಗಳ ಬೀಳ್ಕೊಡುಗೆಯಲ್ಲಿ ಶಾಲು ಹೊದಿಸಿ ಕೂರಿಸಿದರೂ ಅವರ ಕಣ್ಣು ಸಭೆಯಲ್ಲೇ ಅಲೆಯುತ್ತಿತ್ತು. ಭಾಷಣದ ನಡುವೆ ಎದ್ದರು, ವೇದಿಕೆ ಇಳಿದರು. ಮೂರನೇ ಸಾಲಿನಲ್ಲಿ ಶಿವಗಂಗಮ್ಮ ಮುಖಕ್ಕೆ ಸೆರಗು ಒತ್ತಿಕೊಂಡು ಗೋಡೆಗೆ ತಿರುಗಿದ್ದರು.

"ಏನಿಲ್ಲ ಮೇಡಂ, ಅಳು ಬಂತು ಅಷ್ಟೆ."

ಪ್ರೇಮಕುಮಾರಿಯವರು ನಂಬಲಿಲ್ಲ. ಕೈಹಿಡಿದು ಕಿಟಕಿಯ ಬಳಿಗೆ ಕರೆದೊಯ್ದು, ಎರಡೂ ಕಣ್ಣನ್ನು ನೋಡಿದ ಮೇಲೆಯೇ ತಾವೂ ಅತ್ತರು.

ಅವರಿಗೆ ದೀರ್ಘಾಯುಷ್ಯವನ್ನೂ ಆರೋಗ್ಯವನ್ನೂ ಮನಸಾರೆ ಕೋರುತ್ತೇವೆ. ವಿಶ್ರಾಂತಿಯನ್ನು ಮಾತ್ರ ಕೋರಲಾರೆವು. ಈ ಕಡೆ ಕೆಂಪಾಗುವ ಕಣ್ಣುಗಳು ಇನ್ನೂ ಇವೆ.