ಉಗ್ರಪ್ಪನ ಕಿರುಬೆರಳು

ನನ್ನಿವಾಳದ ಉಗ್ರಪ್ಪನಿಗೆ ಮೈಮುರಿದು ದುಡಿಯುವುದೊಂದು ಬಿಟ್ಟು ಮಿಕ್ಕಿದ್ದೆಲ್ಲ ಬರುತ್ತಿತ್ತು. ಊರಿನವರು ನಂಬಿ ಅವನನ್ನು ದೇವರೆತ್ತು ಕಾಯುವ ಕಿಲಾರಿ ಮಾಡಿದ್ದರು. ಆ ಎತ್ತುಗಳನ್ನು ಹೂಡುವಂತಿಲ್ಲ, ಹೊಡೆಯುವಂತಿಲ್ಲ, ಮಾರುವುದಂತೂ ಕನಸಿನ ಮಾತು. ಕೆಲಸವೆಂದರೆ ಮರದ ನೆರಳಲ್ಲಿ ಕೂತು ಅವು ಮೇಯುವುದನ್ನು ನೋಡುವುದು. ಅದೂ ಅವನಿಗೆ ಭಾರವಾಯಿತು. ಹೆಂಡತಿ ಬೋರಕ್ಕ ಇಂಥವನ ಜೊತೆ ಹೇಗೆ ಬಾಳಿದಳೋ, ಅವಳಿಗೇ ಗೊತ್ತು.

ಸೀಮೆಗೆ ಪ್ಲೇಗು ಬಂದು ಹೋದ ಮಾರನೇ ವರ್ಷ ಹಿಂಡಿನ ಎತ್ತೊಂದು ಕಾಣೆಯಾಯಿತು. ಅದನ್ನು ಉಗ್ರಪ್ಪ ಹಾಡಹಗಲೇ ರಾಯದುರ್ಗದ ವ್ಯಾಪಾರಿಗೆ ಮಾರಿದ್ದನ್ನು ಸೌದೆಗೆ ಹೋಗಿದ್ದ ಬೋರಕ್ಕ ಕಣ್ಣಾರೆ ಕಂಡಿದ್ದಳು. ಎತ್ತಿನ ಸಂತೆಯಲ್ಲಿ ಮಾಡುವಂತೆ ಇಬ್ಬರೂ ಕಂಬಳಿಯೊಳಗೆ ಕೈ ಸೇರಿಸಿ, ಬೆರಳು ಹಿಡಿದು ಹಿಡಿದು ಗುಟ್ಟಾಗಿ ಬೆಲೆ ಕುದುರಿಸಿದ್ದರು.

ಊರು ಕೇಳಿದಾಗ ಉಗ್ರಪ್ಪ ಕಥೆ ಕಟ್ಟಿದ. ಹಳ್ಳದ ಹುಣಸೆಮರದ ದೆವ್ವ ಎದುರು ಬಂತಂತೆ. ಪ್ಲೇಗನ್ನು ಮತ್ತೆ ಕರೆತರುತ್ತೇನೆ ಅಂತ ಹೆದರಿಸಿತಂತೆ. ಇವನು ಗಂಡುಗಲಿ, ಕಂಬಳಿಯೊಳಗೆ ಕೈಯಿಟ್ಟು ಚೌಕಾಸಿ ಮಾಡಿ ಒಂದೇ ಎತ್ತಿಗೆ ಒಪ್ಪಿಸಿದನಂತೆ! ಅಷ್ಟಕ್ಕೇ ಬಾಯಿ ಮುಚ್ಚಿದ್ದರೆ ಆಗುತ್ತಿತ್ತು. ಸುಳ್ಳಿಗೆ ಒಗ್ಗರಣೆ ಹಾಕದಿದ್ದರೆ ಅವನಿಗೆ ಉಂಡದ್ದು ಅರಗದು. "ಹೋಗುವಾಗ ನನ್ನ ಕಿರುಬೆರಳು ಗಟ್ಟಿಯಾಗಿ ಹಿಡ್ಕಂಡಿತ್ತು ಕಣ್ರಪ್ಪಾ, ಬಿಡ್ಲೇ ಇಲ್ಲ" ಅಂದ.

ಸರಿ, ಕಟ್ಟೆಯ ಪಂಡಿತರಿಗೆ ಹಬ್ಬವಾಯಿತು. ಹೊಟ್ಟೆಗೆ ಮುದ್ದೆಯಿಲ್ಲದಿದ್ದರೂ ಅರ್ಥ ಹೇಳುವುದರಲ್ಲಿ ಒಬ್ಬರಿಗಿಂತ ಒಬ್ಬರು. ಕಂಬಳಿ ಕರಿದು, ಅದು ಸಾವು ಅಂದ ಒಬ್ಬ. ಹುಣಸೆಯ ಹುಳಿ ಊರಿನ ಪಾಪ ಅಂದ ಇನ್ನೊಬ್ಬ. ಕೊನೆಗೆ ಪೂಜಾರಿ ಪಾತಣ್ಣ ಗಡ್ಡ ನೀವಿಕೊಂಡು ಹೇಳಿದ: "ಕಿರುಬೆರಳು ಅಂದ್ರೆ ಮನೆಯ ಕಿರಿಜೀವ. ದೆವ್ವ ಚಿನ್ನಕ್ಕನ್ನ ಕೇಳೈತೆ. ಅದ್ರ ಕೈಗೆ ಸಿಗದಂಗೆ ಅವಳನ್ನ ದೇವರಿಗೆ ಬಸವಿ ಬಿಡಬೇಕು."

ಅವ್ವನ ಪಕ್ಕದಲ್ಲೇ ನಿಂತಿದ್ದ ಚಿನ್ನಕ್ಕ ಉಗ್ರಪ್ಪ-ಬೋರಕ್ಕರ ಒಬ್ಬಳೇ ಮಗಳು. ಬಸವಿ ಬಿಟ್ಟರೆ ಅವಳಿಗೆ ಮದುವೆಯಿಲ್ಲ. ಹೆಸರಿಗೆ ದೇವರ ಸೊತ್ತು, ಬದುಕಿಗೆ ಕಂಡವರ ಪಾಲು. ಬೋರಕ್ಕ ಕಟ್ಟೆಯ ಮುಂದಕ್ಕೆ ಬಂದಳು. ಕಂಡದ್ದನ್ನು ಕಂಡಂತೆ ಹೇಳಿಬಿಟ್ಟಳು.

"ನಿನ್ನ ಕಣ್ಣಿಗೂ ದೆವ್ವ ಮಂಕುಬೂದಿ ಎರಚೈತೆ, ಸುಮ್ಕಿರಮ್ಮ" ಅಂದ ಪಾತಣ್ಣ. ಹೆಂಗಸಿನ ಮಾತಿಗೆ ಆ ಕಟ್ಟೆಯಲ್ಲಿ ದೆವ್ವದ ಮಾತಿನಷ್ಟೂ ಬೆಲೆಯಿರಲಿಲ್ಲ.

ಅವಳು ಗಂಡನ ಕಡೆ ತಿರುಗಿದಳು. "ಚಿನ್ನಕ್ಕನಪ್ಪಾ, ನಿಜ ಹೇಳ್ಬಿಡು. ಮಗಳ ಬಾಳಿನ ಮಾತೈತೆ."

ಉಗ್ರಪ್ಪ ಎಲೆಯಡಿಕೆ ಅಗಿಯುತ್ತ ನೆಲ ನೋಡಿದ. ನಿಜ ಹೇಳಿದರೆ ತಾನು ಕುಲದಿಂದ ಹೊರಗೆ. ಮಗಳು ಹೋದರೆ ಮನೆಯಲ್ಲಿ ಉಣ್ಣುವ ಬಾಯಿ ಒಂದು ಕಮ್ಮಿ. ತೂಗಿ ನೋಡಿ ಸುಮ್ಮನಾದ. ಥೂ, ಅವನ ಜನ್ಮಕ್ಕಿಷ್ಟು!

ಬೋರಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಈ ಮೂಢರಿಗೆ ನಿಜ ಹೇಳಿ ಫಲವಿಲ್ಲ, ಇವರ ರೋಗಕ್ಕೆ ಇವರದೇ ಮದ್ದು ಎಂದುಕೊಂಡಳು.

"ಆಗ್ಲಿ ಪಾತಣ್ಣಾ, ನಿಮ್ಮ ಮಾತೇ ನಿಜ ಅನ್ರಿ. ಆದ್ರೆ ವ್ಯಾಪಾರ ಕಂಡೋರು ನೀವು. ಹಸುವಿನ ಹಗ್ಗ ಹಿಡಿದೋನು ಹಸು ಒಯ್ತಾನೆ, ಮನೆಯಾಗಿನ ಕರು ಅಲ್ಲ. ದೆವ್ವ ಹಿಡಿದಿದ್ದು ಬೆರಳು. ಬೆರಳೇ ಕೊಡ್ರಿ. ಕಡಿದು ಹುಣಸೆ ಬುಡಕ್ಕೆ ಇಟ್ರೆ ಊರಿನ ಋಣ ಹರೀತು."

ಪಂಡಿತರು ಮುಖ ಮುಖ ನೋಡಿಕೊಂಡರು. ಇದು ಇನ್ನೂ ಚೆನ್ನಾದ ಅರ್ಥ! ಪಾತಣ್ಣನೂ ತಲೆದೂಗಿದ. ಯಾರೋ ಮಚ್ಚು ತಂದರು, ಇಬ್ಬರು ಉಗ್ರಪ್ಪನ ಕೈಯನ್ನು ಕಟ್ಟೆಯ ಕಲ್ಲಿಗೆ ಒತ್ತಿ ಹಿಡಿದರು.

ಬಾಯಲ್ಲಿದ್ದ ಎಲೆಯಡಿಕೆ ಅವನ ಎದೆಮೇಲೆಲ್ಲ ಸುರಿಯಿತು. "ದೆವ್ವ ಇಲ್ಲ, ಗಿವ್ವ ಇಲ್ಲ! ನಾನೇ ಮಾರ್ಕಂಡೆ ಕಣ್ರಪ್ಪೋ, ರಾಯದುರ್ಗದೋನಿಗೆ ಮಾರ್ಕಂಡೆ! ನನ್ನ ಬೆರಳು ಬಿಡ್ರೋ!"

ಅವನನ್ನು ಅಲ್ಲೇ ಕುಲದಿಂದ ಹೊರಹಾಕಿದರು. ಬಸವಿಯ ಮಾತು ಮತ್ತೆ ಯಾರೂ ಎತ್ತಲಿಲ್ಲ. ಬೋರಕ್ಕ ಮಗಳ ಕೈಹಿಡಿದು ಗೆದ್ದ ಖುಷಿಯಲ್ಲಿ ಬಿರಬಿರನೆ ಮನೆಗೆ ನಡೆದಳು. ಚಿನ್ನಕ್ಕ ಹೊಸಿಲಲ್ಲಿ ನಿಂತು ಕೇಳಿದಳು:

"ಅವ್ವ, ನನ್ನ ಬಸವಿ ಬಿಡ್ತೀವಿ ಅಂದಾಗ ಅಪ್ಪ ಯಾಕೆ ಬಾಯಿ ಬಿಡ್ಲಿಲ್ಲ?"

ಇಡೀ ಕಟ್ಟೆಯ ಬಾಯಿ ಮುಚ್ಚಿಸಿ ಬಂದಿದ್ದ ಬೋರಕ್ಕ ಸೊಂಟಕ್ಕೆ ಸಿಕ್ಕಿಸಿದ್ದ ಸೆರಗು ಬಿಡಿಸಿ, ಮಗಳನ್ನು ಅದರೊಳಗೆ ಎಳೆದುಕೊಂಡಳು.