ಅಮ್ಮನ ಬಲಗೈ ಮತ್ತು ತುಂಬೆ ಹೂವು

ಲಕ್ವ ಹೊಡೆದು ಅಮ್ಮನ ಬಲಗೈ ಸ್ವಾಧೀನ ತಪ್ಪಿದ ಮೇಲೆ, ನಮ್ಮ ಮನೆಗೆ ನೋಡಲು ಬಂದವರೆಲ್ಲ ವೈದ್ಯರೇ ಆಗಿಬಿಟ್ಟರು. ಗಂಡಸಿ ಊರಿನಿಂದ ಬಂದ ಸೋದರತ್ತೆ ಕಾಫಿ ಲೋಟ ಕೆಳಗಿಡುವ ಮೊದಲೇ, "ತುಂಬೆ ಸೊಪ್ಪು ಅರೆದು ಹಚ್ಚೋ, ಕೈ ಸ್ವಾಧೀನಕ್ಕೆ ಬತ್ತದೆ" ಎಂದರು.

ನನಗೆ ರೇಗಿಹೋಯಿತು. ತುಂಬೆ ಗಿಡ ನನಗೇನು ಹೊಸದೇ? ಚಿಕ್ಕವನಿದ್ದಾಗ ನೆಗಡಿಯಾದರೆ ಅಮ್ಮ ಕುದಿಯುವ ನೀರಿಗೆ ಆ ಸೊಪ್ಪು ಹಾಕಿ, ನನ್ನ ತಲೆಯ ಮೇಲೆ ಕಂಬಳಿ ಹೊದಿಸಿ ಹಬೆ ಹಿಡಿಸುತ್ತಿದ್ದಳು. ಘಾಟಿಗೆ ನಾನು ಕಿರುಚಿದಷ್ಟೂ ಕಂಬಳಿ ಬಿಗಿಯಾಗುತ್ತಿತ್ತು. ಚೇಳು ಕುಟುಕಿದರೂ ಅದೇ ಸೊಪ್ಪಿನ ರಸ, ಹುಳ ಕಡಿದರೂ ಅದೇ ರಸ. ಆದರೆ ಲಕ್ವಕ್ಕೆ? "ಇದು ನೆಗಡಿ ಅಲ್ಲ ಅತ್ತೆ" ಎಂದು ಸಿಡುಕಿದೆ. ಈಗ ಬೆರಳು ಆಡದಿದ್ದರೆ ಆಮೇಲೆ ಕಷ್ಟ ಎಂದು ಡಾಕ್ಟರು ಹೇಳಿದ್ದ ಮಾತು ನನ್ನ ಎದೆಯೊಳಗೆ ಕೂತುಬಿಟ್ಟಿತ್ತು. ನನಗೆ ಭಯವಾಗಿತ್ತು, ಅಷ್ಟೆ.

ಅರಸೀಕೆರೆ ಆಸ್ಪತ್ರೆಯಲ್ಲಿ ಕೈ ವ್ಯಾಯಾಮ ಹೇಳಿಕೊಡುವ ಹುಡುಗಿ ಒಂದು ರಬ್ಬರ್ ಚೆಂಡು ಕೊಟ್ಟು, ದಿನವೂ ಹಿಸುಕಲು ಹೇಳಿದ್ದಳು. ಅಮ್ಮ ಅದನ್ನು ಎಡಗೈಯಲ್ಲಿ ಎತ್ತಿ ನಾಯಿಯತ್ತ ಎಸೆದಳು. "ಈ ವಯಸ್ಸಲ್ಲಿ ಚೆಂಡಾಟ ಆಡ್ಲೇನೋ?"

ಅಷ್ಟರಲ್ಲಿ ಕಾರ್ತೀಕ ಬಂತು. ಕಾರ್ತೀಕದ ಸೋಮವಾರಗಳಲ್ಲಿ ಅಮ್ಮ ಶಿವನಿಗೆ ತುಂಬೆ ಹೂವು ಏರಿಸದೆ ಊಟ ಮಾಡಿದವಳಲ್ಲ. ನಮ್ಮ ಕಣಕಟ್ಟೆಯ ತೆಂಗಿನ ತೋಟದ ಬದುವಿನ ಮೇಲೆಲ್ಲ ಆಗ ತುಂಬೆಯೋ ತುಂಬೆ. ನನ್ನ ಹೆಂಡತಿ, "ನಾನು ಬಿಡಿಸಿಕೊಡ್ತೀನಿ ಅತ್ತೆ" ಎಂದಳು.

"ನೀನು ಬಿಡ್ಸಿದ್ರೆ ನಿನ್ನ ಪೂಜೆ ಆಯ್ತದೆ ಕಣವ್ವ. ನಂದು ಎಲ್ಲಾಯ್ತು?"

ಹಾಗಾಗಿ ಬದುವಿನ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿದೆವು. ಎಡಗೈ ಚೆನ್ನಾಗಿಯೇ ಇತ್ತು. ಆದರೆ ಎಡಗೈಯಲ್ಲಿ ದೇವರ ಹೂವು ಮುಟ್ಟುವ ಮಾತೇ ಇಲ್ಲ. ತುಂಬೆ ಹೂವೋ ಅಕ್ಕಿ ಕಾಳಿಗಿಂತ ಒಂದಿಷ್ಟು ದೊಡ್ಡದು. ಹೆಬ್ಬೆರಳು, ತೋರುಬೆರಳು ಸೇರಿಸಿ ಚಿವುಟಿ ಮೆಲ್ಲನೆ ಎಳೆದರೆ ಮಾತ್ರ ಇಡಿಯಾಗಿ ಬರುತ್ತದೆ. ಅಮ್ಮನ ಬೆರಳುಗಳು ಹೂವಿನ ಹತ್ತಿರ ಹೋಗಿ ನಡುಗಿ ಹಿಂದಕ್ಕೆ ಬರುತ್ತಿದ್ದವು. ಬಂದ ಒಂದೆರಡೂ ಜಾರಿ ನೆಲಕ್ಕೆ ಬೀಳುತ್ತಿದ್ದವು. ನೆಲಕ್ಕೆ ಬಿದ್ದ ಹೂವು ದೇವರಿಗೆ ಸಲ್ಲದು. ಪಾರಿಜಾತಕ್ಕೆ ಮಾತ್ರ ಆ ವಿನಾಯಿತಿ. ಅಮ್ಮ ಹಟ ಬಿಡಲಿಲ್ಲ. ಸೋಮವಾರಕ್ಕೆ ಕೈ ಪಳಗಲಿ ಎಂದು ದಿನವೂ ಹೋಗಿ ಕೂತಳು. ಒಂದು ಬೆಳಿಗ್ಗೆ ಬಟ್ಟಲಲ್ಲಿ ಏನೂ ಇಲ್ಲದ್ದು ಕಂಡು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ನಾನು ತೆಂಗಿನ ಮರ ನೋಡುತ್ತ ನಿಂತೆ.

ಕಾರ್ತೀಕದ ಕೊನೆಯ ಸೋಮವಾರ. ಬಿಸಿಲು ಏರುತ್ತಿತ್ತು, ಬಟ್ಟಲಿನ ತಳವೂ ಮುಚ್ಚಿರಲಿಲ್ಲ, ಅಮ್ಮ ಬೆಳಗಿನಿಂದ ಹನಿ ನೀರು ಕುಡಿದಿರಲಿಲ್ಲ. ನನಗೆ ತಡೆಯಲಾಗಲಿಲ್ಲ. ಅವಳು ಆಚೆಯ ಗಿಡದತ್ತ ತಿರುಗಿದಾಗ, ಕುರ್ಚಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, ನೆಲದ ಮೇಲಿದ್ದ ಹೂವುಗಳನ್ನು ಬಾಚಿ, ಉಫ್ ಎಂದು ಮಣ್ಣು ಊದಿ, ಬಟ್ಟಲಿಗೆ ಸುರಿದೆ. ಶಿವ ಹೇಗೂ ಭೋಳೇ ಶಂಕರ, ಅಷ್ಟೆಲ್ಲ ನೋಡುವುದಿಲ್ಲ ಎಂದುಕೊಂಡೆ.

ಶಿವ ನೋಡಲಿಲ್ಲ. ಅಮ್ಮ ನೋಡಿದಳು.

"ಮಣ್ಣಾದ ಹೂವು ದೇವರಿಗೇನೋ? ಮೇಷ್ಟ್ರಾಗಿ ಇದೇನಾ ಕಲ್ತಿದ್ದು?" ಎನ್ನುತ್ತ ನನ್ನ ಕಿವಿ ಹಿಡಿದು ಹಿಂಡಿದಳು. ಐವತ್ತು ದಾಟಿದ ನನ್ನ ಕಿವಿ ನಿಜಕ್ಕೂ ಉರಿಯಿತು.

"ಅಮ್ಮಾ!" ಎಂದು ಕೂಗಿಕೊಂಡೆ. "ಯಾವ ಕೈ ಅಂತ ನೋಡೇ!"

ಅವಳ ಎಡಗೈ ಬಟ್ಟಲಿನ ಮೇಲಿತ್ತು. ಅಮ್ಮ ನನ್ನ ಕಿವಿಯಲ್ಲಿ ಸಿಕ್ಕಿಕೊಂಡಿದ್ದ ತನ್ನ ಬಲಗೈ ಬೆರಳುಗಳನ್ನು ಕಣ್ಣರಳಿಸಿ ನೋಡಿದಳು. ಬದುವಿನ ಆಚೆ ನಿಂತಿದ್ದ ನನ್ನ ಹೆಂಡತಿ ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ. ನನಗಂತೂ ಕಣ್ಣು ತುಂಬಿ ಏನೂ ಕಾಣುತ್ತಿರಲಿಲ್ಲ.

ಅಮ್ಮ ಕಿವಿ ಬಿಟ್ಟು, ಬೆರಳುಗಳನ್ನು ಒಂದು ಸಲ ಮಡಿಚಿ ಬಿಡಿಸಿದಳು.

"ಇತ್ತ ಬಾ, ಇನ್ನೊಂದ್ಸಲ ನೋಡಾನ" ಎಂದಳು.

ನಾನು ಇನ್ನೊಂದು ಕಿವಿ ಕೊಟ್ಟೆ.