ತೊಟ್ಟಿ ಮಾವನ ಆಟೋಪೇ
ಅಂಗಡಿ, ಕ್ಲಿನಿಕ್ಕುಗಳಲ್ಲಿರುವ ಗಾಜಿನ ಮೀನು ತೊಟ್ಟಿಗಳನ್ನು ತೊಳೆಯುವುದು ತೊಟ್ಟಿ ಮಾವನ ಕಸುಬು. ದುಡ್ಡು ಕೇಳುವುದು ಮಾತ್ರ ಅವನ ಗಂಟಲಿನ ಮುಳ್ಳು. ತೊಳೆದ ಗಾಜನ್ನೇ ಇನ್ನೊಮ್ಮೆ ಒರೆಸುತ್ತ ಕೆಮ್ಮುವುದೇ ಅವನ ವಸೂಲಿ. ಆ ಕೆಮ್ಮು ಕೇಳಿದರೆ ಸಾಕು, ಹಲ್ಲಿನ ಡಾಕ್ಟರು ಹಿಂಬಾಗಿಲಿಗೆ ಓಟ ಕೀಳುತ್ತಿದ್ದರು, ಕನ್ನಡಕದಂಗಡಿಯವನಿಗೆ ಇದ್ದಕ್ಕಿದ್ದಂತೆ ಕಣ್ಣೇ ಕಾಣುತ್ತಿರಲಿಲ್ಲ. ಕೊನೆಗೆ ಮಗಳು, "ಅಪ್ಪಾ, ಎಲ್ಲರಿಗೂ ಆಟೋಪೇ ಮಾಡಿಸಿಬಿಡು," ಎಂದಳು. "ಒಂದ್ಸಲ ಒತ್ತಿ ಸಾರ್, ಆಮೇಲೆ ಮರೆತುಬಿಡಿ" ಎಂಬ ಅವಳ ಮಾತನ್ನು ಗಿಳಿಯಂತೆ ಕಲಿತ ಮಾವ, ಮೂವತ್ತು ಗಿರಾಕಿಗಳಿಂದ, ಬೆರಳು ಹಿಡಿಯುವುದೊಂದು ಬಾಕಿ ಎಂಬಂತೆ, ಅವರವರ ಫೋನಿನಲ್ಲಿ ಬಟನ್ ಒತ್ತಿಸಿದ. ಈಗ ಒಂದನೇ ತಾರೀಖು ಬೆಳಗಾಗುವಷ್ಟರಲ್ಲಿ ದುಡ್ಡು ತಾನಾಗಿ ಬಂದು ಖಾತೆಗೆ ಬೀಳುತ್ತದೆ. ಗಿರಾಕಿಗಳೂ ಮಾತಿಗೆ ತಪ್ಪುವವರಲ್ಲ. ಮರೆತುಬಿಡಿ ಎಂದದ್ದಕ್ಕೆ ಮರೆತೇಬಿಟ್ಟರು. ಮೊನ್ನೆ ಬಕೆಟ್ಟು ಹಿಡಿದು ಕ್ಲಿನಿಕ್ಕಿಗೆ ಹೋದರೆ, ಹನ್ನೊಂದು ವರ್ಷ ಇವನ ನೆರಳು ಕಂಡರೆ ಓಡುತ್ತಿದ್ದ ಡಾಕ್ಟರು ಎದುರಿಗೇ ಬಂದು, "ಯಾರು ಬೇಕಿತ್ತು?" ಎಂದು ಕೇಳಿದರು. ಮಾವ ಅಭ್ಯಾಸಬಲದಿಂದ ಒಮ್ಮೆ ಕೆಮ್ಮಿದ. ಡಾಕ್ಟರು ಮಿಸುಕಲಿಲ್ಲ. ಅವರ ಬೆನ್ನ ಹಿಂದೆ ಮೀನುಗಳೆಲ್ಲ ಅವನನ್ನು ಕಂಡು ಗಾಜಿಗೆ ಮುಗಿಬಿದ್ದಿದ್ದವು. ಪಾಪ, ಅವು ಇನ್ನೂ ಯಾವ ಬಟನ್ನೂ ಒತ್ತಿರಲಿಲ್ಲ.